ಜೈಲಿನಲ್ಲಿರುವ ಮನೆಯವರಿಗೆ ಹೊರಗಿನಿಂದ ಏನು ಮಾಡಬಹುದು?

ನಿಮ್ಮವರು ಪರಪ್ಪನ ಅಗ್ರಹಾರದಲ್ಲಿದ್ದರೆ ಸುಮ್ನೆ ಗೇಟಿನ ಮುಂದೆ ಹೋಗಿ ನಿಲ್ಲಬೇಡಿ. ಮೊದಲು ಇ-ಮುಲಾಕಾತ್ ವೆಬ್‌ಸೈಟಿನಲ್ಲಿ ಭೇಟಿಗೆ ಹೆಸರು ಹಾಕಿ, ಒಪ್ಪಿಗೆ ಬಂದ ಮೇಲೆ ಗುರುತಿನ ಚೀಟಿ ಹಿಡಿದು ಹೋಗಿ. ಭೇಟಿಯಲ್ಲಿ ಕೇಸಿನ ಮಾತೇ ಜಾಸ್ತಿ ಆಗಿಬಿಡುತ್ತದೆ, ಅಲ್ವಾ? ಊಟ, ನಿದ್ದೆ, ಕೆಲಸ ಹೇಗಿದೆ ಅಂತಲೂ ಕೇಳಿ. ಶಿಕ್ಷೆಯಾದವರಿಗೆ ಬೇಕರಿಯಂಥ ಕಡೆ ಕೆಲಸ ಇರುತ್ತದೆ, ಕೂಲಿಯೂ ಸಿಗುತ್ತದೆ. ಆದರೆ ವಿಚಾರಣಾಧೀನ ಕೈದಿಗಳಿಗೆ ಕೆಲಸ ಕಡ್ಡಾಯವಲ್ಲ, ಹಾಗಾಗಿ ಅವರ ಹಗಲು ತುಂಬಾ ಉದ್ದ, ಕೂತು ಕೂತು ಮನಸ್ಸು ಕುಗ್ಗುತ್ತದೆ. ಅಂಥವರನ್ನು ಓದಿಗೆ ಹಚ್ಚಿ, ಇಗ್ನೋ ಎಂಬ ಮುಕ್ತ ವಿಶ್ವವಿದ್ಯಾಲಯ ಕೈದಿಗಳಿಗೆ ಉಚಿತವಾಗಿ ಓದಿಸುತ್ತದೆ. ವಕೀಲರಿಗೆ ದುಡ್ಡಿಲ್ಲ ಅಂತ ದಯವಿಟ್ಟು ಸಾಲ ಮಾಡಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಬಂಧನದಲ್ಲಿರುವವರಿಗೆ ಉಚಿತ ನೆರವು ಸಿಗಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಜೈಲಿನ ಒಳಗಿಂದಲೂ ಕೊಡಬಹುದು.