ಅಮ್ಮನ ಮಂಡಿ ಹೇಳಿದಂತೆ ಜಪಾನ್ ಸುತ್ತಿದೆವು

ತಮ್ಮ ಟೋಕಿಯೊಗೆ ಹೋಗಿ ಆರು ವರ್ಷ ಆಗಿತ್ತು. ಪ್ರತಿ ಭಾನುವಾರ ವಿಡಿಯೊ ಕಾಲ್ ಬಂದಾಗ ಅಮ್ಮ ಕೇಳುತ್ತಿದ್ದದ್ದು ಇಂಥದ್ದೇ: "ನಿನ್ನ ಹಿಂದೆ ಕಾಣೋ ಕಿಟಕಿ ಯಾವ ದಿಕ್ಕಿಗಿದೆ? ಬಿಸಿಲು ಬರುತ್ತಾ?" ಅವನು ಮೊಬೈಲ್ ತಿರುಗಿಸಿ ತೋರಿಸುತ್ತಿದ್ದ. ಆದರೂ ಅಮ್ಮನಿಗೆ ಸಮಾಧಾನ ಇರುತ್ತಿರಲಿಲ್ಲ.

2024ರ ಏಪ್ರಿಲ್‌ನಲ್ಲಿ, ಮಗನ ಪರೀಕ್ಷೆ ಮುಗಿದ ತಕ್ಷಣ, ನಾವು ನಾಲ್ಕು ಜನ ಮೈಸೂರಿನಿಂದ ಹೊರಟೆವು. ಅಮ್ಮ, ನಾನು, ನಮ್ಮನೆಯವರು, ಎಂಟು ವರ್ಷದ ಮಗ. ಹದಿನಾರು ದಿನ ಅಲ್ಲಿದ್ದೆವು. ಅಮ್ಮನಿಗೆ ಆಗ 69. ಎರಡೂ ಮಂಡಿ ನೋವು, ಬಿಪಿ, ಜೊತೆಗೆ ಅಪ್ಪಟ ಸಸ್ಯಾಹಾರಿ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತಿರುವವರಿಗೆ ಉಪಯೋಗವಾಗಲಿ ಅಂತ ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ.

ವೀಸಾ ಕೆಲಸವನ್ನು ಮೂರು ತಿಂಗಳು ಮುಂಚೆ ಶುರು ಮಾಡಿದೆವು. ಸಂಬಂಧಿಕರ ಮನೆಗೆ ಹೋಗುವುದಾದರೆ ಹೆಚ್ಚಿನ ಕಾಗದ ಅಲ್ಲಿಂದಲೇ ಬರಬೇಕು. ಆಹ್ವಾನ ಪತ್ರ, ನಮ್ಮ ಖರ್ಚಿಗೆ ತಾನು ಹೊಣೆ ಅನ್ನುವ ಜಾಮೀನು ಪತ್ರ, ಯಾವ ದಿನ ಎಲ್ಲಿರುತ್ತೇವೆ ಅನ್ನುವ ಪಟ್ಟಿ, ತನ್ನ ವಿಳಾಸದ ದಾಖಲೆ, ತೆರಿಗೆ ದಾಖಲೆ ಎಲ್ಲವನ್ನೂ ತಮ್ಮ ಕಳಿಸಿದ. ಅವನು ನಮ್ಮವನೇ ಅಂತ ತೋರಿಸುವ ಕಾಗದವನ್ನು ನಾವು ಕೊಡಬೇಕಿತ್ತು. ಸಿಕ್ಕಿಕೊಂಡದ್ದು ಇಲ್ಲೇ. ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ, ತಮ್ಮನ ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಅಮ್ಮನ ಕಾಲದ ಹೆಂಗಸರ ಹೆಸರೆಲ್ಲ ಹೀಗೇ ಅಲ್ವಾ, ಬರೆದುಕೊಂಡವರು ಬರೆದಂತೆ. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಜೊತೆಗಿಟ್ಟೆವು, ನಡೆಯಿತು. ಟಿಕೆಟ್ ನೋಡುವ ಮೊದಲು ಹೆಸರು ನೋಡಿಕೊಳ್ಳಿ.

ಔಷಧಿ ವಿಷಯ. ವೈದ್ಯರು ಬರೆದುಕೊಟ್ಟ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟಿದ್ದರೆ ಸಾಮಾನ್ಯವಾಗಿ ಬೇರೆ ಅನುಮತಿ ಬೇಕಾಗುವುದಿಲ್ಲ. ಚೀಟಿ ಜೊತೆಗಿರಲಿ. ಆದರೆ ಸ್ಯೂಡೊಎಫೆಡ್ರಿನ್ ಜಾಸ್ತಿ ಇರುವ ಶೀತದ ಮಾತ್ರೆಗಳನ್ನು ಜಪಾನ್ ಒಳಗೆ ಬಿಡುವುದಿಲ್ಲ. ಮನೆಯ ಔಷಧಿ ಡಬ್ಬಿಯನ್ನು ಹಾಗೇ ತುಂಬಿಕೊಂಡು ಹೋಗಬೇಡಿ. ಕರಿಬೇವು, ಹಣ್ಣಿನಂಥದ್ದಕ್ಕೂ ಸಸ್ಯ ತಪಾಸಣೆಯ ನಿಯಮಗಳಿವೆ, ಅದಕ್ಕೇ ಅವನ್ನು ಬಿಟ್ಟು ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ದೆವು. ಅಲ್ಲಿನ ಕರೆಂಟು 100 ವೋಲ್ಟ್. ನಮ್ಮ ಮಿಕ್ಸಿ, ಕೆಟಲ್ ಅಲ್ಲಿ ಸರಿಯಾಗಿ ಓಡುವುದಿಲ್ಲ.

ಮೊದಲ ದಿನವೇ ನಾವು ದೊಡ್ಡ ತಪ್ಪು ಮಾಡಿದೆವು. ಹೋದ ಉತ್ಸಾಹದಲ್ಲಿ ಶಿಂಜುಕು, ಶಿಬುಯಾ, ಹರಾಜುಕು ಮೂರನ್ನೂ ಒಂದೇ ದಿನಕ್ಕೆ ಹಾಕಿಕೊಂಡೆವು. ಮ್ಯಾಪಿನಲ್ಲಿ ಎಲ್ಲ ಹತ್ತಿರ ಹತ್ತಿರವೇ ಕಂಡಿತ್ತು. ಆದರೆ ಟೋಕಿಯೊದಲ್ಲಿ ನಡಿಗೆ ಜಾಸ್ತಿ ಆಗುವುದು ರಸ್ತೆಯಲ್ಲಲ್ಲ, ಸ್ಟೇಷನ್ ಒಳಗೆ. ಶಿಂಜುಕುವಿನಲ್ಲಿ ಒಂದು ರೈಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲೇ ಅಮ್ಮ ಗೋಡೆ ಹಿಡಿದು ನಿಂತುಬಿಟ್ಟರು. ಏನೂ ಹೇಳಲಿಲ್ಲ. ರಾತ್ರಿ ಸೀರೆ ಮೇಲೆತ್ತಿ ನೋಡಿದರೆ ಬಲಮಂಡಿ ಊದಿಕೊಂಡಿತ್ತು. ತಮ್ಮ ಎಣ್ಣೆ ಹಚ್ಚುತ್ತಾ, "ಅಕ್ಕ, ನಾಳೆಯಿಂದ ದಿನಕ್ಕೆ ಒಂದೇ ಜಾಗ" ಅಂದ. ಮರುದಿನ ಪೂರ್ತಿ ಮನೆಯಲ್ಲೇ ಇದ್ದೆವು.

ಆಮೇಲೆ ಎಲ್ಲವನ್ನೂ ಮಂಡಿಯ ಲೆಕ್ಕದಲ್ಲೇ ಮಾಡಿದೆವು. ಹತ್ತೂವರೆ ಮೇಲೆ ಹೊರಡುವುದು. ಒಂದೇ ಒಂದು ಸಲ ರೈಲು ಬದಲಿಸುವ ಜಾಗ ಆರಿಸುವುದು. ಯಾವ ಎಕ್ಸಿಟ್‌ನಲ್ಲಿ ಲಿಫ್ಟ್ ಇದೆ ಅಂತ ಮನೆಯಲ್ಲೇ ನೋಡಿಕೊಳ್ಳುವುದು. ದೊಡ್ಡ ಸ್ಟೇಷನ್‌ಗಳಲ್ಲಿ ಲಿಫ್ಟ್ ಇರುವುದು ಯಾವುದೋ ಒಂದು ತುದಿಯಲ್ಲಿ. ತಪ್ಪು ತುದಿಗೆ ಹೋದರೆ ಮತ್ತೆ ಅಷ್ಟೂ ದೂರ ವಾಪಸ್ ಬರಬೇಕು. ಊಟ ಮುಗಿಸಿ ಮೂರು ಗಂಟೆಗೆ ಮನೆ. ಸಂಜೆ ಬೇಕಾದವರು ಮತ್ತೆ ಹೋಗಬಹುದು. ಹೀಗೆ ಮಾಡಿದ್ದರಿಂದ ನಮಗೆ ತಪ್ಪಿದ ಜಾಗಗಳು ಬಹಳ. ಅದರ ಬಗ್ಗೆ ನನಗೆ ಬೇಸರವಿಲ್ಲ.

ತಮ್ಮನ ಮನೆ ಇರುವುದು ನಿಶಿ ಕಸಾಯಿಯಲ್ಲಿ. ಟೋಕಿಯೊದ ಎಡೊಗಾವಾ ಭಾಗ, ನಮ್ಮ ದೇಶದವರು ಜಾಸ್ತಿ ಇರುವ ಜಾಗ. ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತೆ. ಮನೆಯಲ್ಲಿದ್ದ ಆ ದಿನಗಳೇ ಅಮ್ಮನಿಗೆ ತುಂಬಾ ಹಿಡಿಸಿದವು. ಕಸ ಬೇರೆ ಮಾಡುವುದನ್ನು ತಮ್ಮನ ಹೆಂಡತಿಯಿಂದ ಕಲಿತರು. ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಒಂದು ದಿನ, ಬಾಟಲಿಗೆ ಇನ್ನೊಂದು. ಬಾಟಲಿಯ ಮುಚ್ಚಳ ತೆಗೆದು, ಮೇಲಿನ ಲೇಬಲ್ ಸುಲಿದು, ತೊಳೆದು, ಕಾಲಿನಿಂದ ಅಮುಕಿ ಇಡಬೇಕು. ಮೂರನೇ ದಿನಕ್ಕೆ ಆ ಕೆಲಸ ಪೂರ್ತಿ ಅಮ್ಮನದೇ ಆಯಿತು. ಲೇಬಲ್ ಸುಲಿಯುವಾಗ ಅವರೆಕಾಳು ಹಿದುಕುವಾಗಿನ ಅದೇ ಗಮನ ಅವರ ಮುಖದಲ್ಲಿ ಇರುತ್ತಿತ್ತು.

ಏಪ್ರಿಲ್ 9ಕ್ಕೆ ಯುಗಾದಿ. ಮಾವಿನೆಲೆ ಇಲ್ಲ, ಬೇವಿಲ್ಲ. ಮಗ ಹಸಿರು ಒರಿಗಾಮಿ ಕಾಗದದಲ್ಲಿ ಎಲೆ ಮಡಚಿ ತೋರಣ ಮಾಡಿದ. ಬೇವಿಗೆ ಬದಲು ಸೂಪರ್‌ಮಾರ್ಕೆಟ್‌ನಲ್ಲಿ ಹಾಗಲಕಾಯಿ ಸಿಕ್ಕಿತು. ಓಕಿನಾವಾ ಕಡೆ ಬೆಳೆಯುವ ಇದಕ್ಕೆ ಗೋಯಾ ಅಂತಾರೆ. ಅಮ್ಮ ಅದನ್ನು ಸಣ್ಣಗೆ ಹೆಚ್ಚಿ ಬೆಲ್ಲದಲ್ಲಿ ಕಲಸಿ ಎಲ್ಲರ ಕೈಗೂ ಒಂದೊಂದು ಚೂರು ಹಾಕಿದರು. ತಮ್ಮ ಆರು ವರ್ಷದ ಮೇಲೆ ಅಮ್ಮನ ಕೈಯಿಂದ ತಿಂದ ಬೇವು ಬೆಲ್ಲ ಅದು. ಕೈ ಚಾಚಿದವನು ಸ್ವಲ್ಪ ಹೊತ್ತು ಹಾಗೇ ಇದ್ದ.

ದೇವಸ್ಥಾನಗಳಲ್ಲಿ ನಾನು ಮೊದಲು ಹೇಳಬೇಕಾದ್ದು ಮತ್ಸುಚಿಯಾಮಾ ಶೋದೆನ್. ಟೋಕಿಯೊದ ಅಸಾಕುಸಾಕ್ಕೆ ಹೋದವರೆಲ್ಲ ಸೆನ್ಸೋಜಿ ಗುಡಿ ನೋಡಿ ವಾಪಸ್ ಬರುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಒಂದು ಚಿಕ್ಕ ದಿಬ್ಬದ ಮೇಲೆ ಈ ಗುಡಿ ಇದೆ. ಇಲ್ಲಿನ ಕಾಂಗಿತೆನ್ ಬೇರೆ ಯಾರೂ ಅಲ್ಲ, ನಮ್ಮ ಗಣಪತಿ. ಮೂರ್ತಿಯನ್ನು ಜನರಿಗೆ ತೋರಿಸುವುದಿಲ್ಲ, ಒಳಗೆ ಮುಚ್ಚಿಟ್ಟಿರುತ್ತಾರೆ. ನೈವೇದ್ಯ ಬಿಳಿ ಮೂಲಂಗಿ. ಗುಡಿಯಲ್ಲೇ ಮೂಲಂಗಿ ಮಾರುತ್ತಾರೆ. ಕಂಬದಲ್ಲಿ, ಗೋಡೆಯಲ್ಲಿ, ದೀಪದಲ್ಲಿ ಎಲ್ಲಿ ನೋಡಿದರೂ ಒಂದರ ಮೇಲೊಂದು ಇಟ್ಟ ಎರಡು ಮೂಲಂಗಿಯ ಕೆತ್ತನೆ, ಹಣದ ಚೀಲದ ಕೆತ್ತನೆ. ಮೆಟ್ಟಿಲು ಹತ್ತಲಾಗದವರಿಗೆ ಪುಟ್ಟ ಏರುಬಂಡಿಯೂ ಇದೆ. ಅಮ್ಮ ಅದರಲ್ಲೇ ಹೋದರು. "ಗರಿಕೆ ಬಿಟ್ಟು ಮೂಲಂಗಿ ಯಾಕೋ?" ಅಂತ ತಮ್ಮನನ್ನು ಕೇಳಿದರು. ಅವನಿಗೂ ಗೊತ್ತಿರಲಿಲ್ಲ. ಒಂದು ಮೂಲಂಗಿ ಕೊಂಡು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದರು. ಕಣ್ಣು ಮುಚ್ಚಿ ನಿಂತವರು ಐದು ನಿಮಿಷ ಕದಲಲಿಲ್ಲ.

ಕ್ಯೋಟೊಗೆ ನಾಲ್ಕು ರಾತ್ರಿ ಹೋದೆವು. ತಮ್ಮ, ಅವನ ಹೆಂಡತಿ ರಜೆ ಹಾಕಿ ಜೊತೆಗೆ ಬಂದರು. ಜಪಾನ್ ರೈಲ್ ಪಾಸ್ ತೆಗೆದುಕೊಳ್ಳಿ ಅಂತ ಹಳೆಯ ಲೇಖನಗಳೆಲ್ಲ ಹೇಳುತ್ತವೆ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ ಅನ್ನುವ ಬುಲೆಟ್ ರೈಲಿಗೆ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬರುವುದಷ್ಟೇ ಆದರೆ ಬಿಡಿ ಟಿಕೆಟ್ಟೇ ಸರಿ. ನೊಜೊಮಿ ರೈಲು ಎರಡೂಕಾಲು ಗಂಟೆಯಲ್ಲಿ ಮುಟ್ಟಿಸುತ್ತೆ. ಸಾಮಾನ್ಯ ಬೋಗಿಯಲ್ಲಿ 'ಇ' ಸೀಟು ಕೇಳಿ, ಮೋಡ ಇಲ್ಲದಿದ್ದರೆ ಫುಜಿ ಆ ಕಿಟಕಿಗೆ ಕಾಣುತ್ತೆ. ನಮಗೆ ಎರಡು ನಿಮಿಷ ಪೂರ್ತಿ ಕಂಡಿತು.

ದೊಡ್ಡ ಪೆಟ್ಟಿಗೆಗಳನ್ನು ರೈಲಿನಲ್ಲಿ ಒಯ್ಯಲೇ ಇಲ್ಲ. ಹಿಂದಿನ ದಿನವೇ ಮನೆ ಹತ್ತಿರದ ಅಂಗಡಿಯಿಂದ ಮನೆಬಾಗಿಲಿಗೆ ಪಾರ್ಸೆಲ್ ಮುಟ್ಟಿಸುವ ತಕ್ಯುಬಿನ್‌ನಲ್ಲಿ ಕಳಿಸಿದೆವು. ಕಪ್ಪು ಬೆಕ್ಕಿನ ಚಿತ್ರ ಇರುವ ಬೋರ್ಡು ನೋಡಿದರೆ ಗೊತ್ತಾಗುತ್ತೆ. ಒಂದಕ್ಕೆ ಎರಡು ಸಾವಿರ ಯೆನ್ ಮೇಲೆ ಆಯಿತು. ನಾವು ಹೋಗುವಷ್ಟರಲ್ಲಿ ಪೆಟ್ಟಿಗೆ ಕ್ಯೋಟೊದಲ್ಲಿತ್ತು. ಇಡೀ ಪ್ರವಾಸದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ನಮ್ಮೆಲ್ಲರ ಕೈ ಖಾಲಿ ಇತ್ತು, ಒಬ್ಬರಲ್ಲ ಒಬ್ಬರು ಅಮ್ಮನ ಕೈ ಹಿಡಿದುಕೊಂಡೇ ಇದ್ದೆವು. ತಾತಾಮಿ ಚಾಪೆಯ ಮೇಲೆ ಮಲಗುವ ಕೋಣೆ ನನಗೆ ಆಸೆಯಿತ್ತು. ಆದರೆ ನೆಲದಿಂದ ಏಳುವುದು ಅಮ್ಮನಿಗೆ ಕಷ್ಟ. ಮಂಚ, ಅಡುಗೆಮನೆ ಎರಡೂ ಇರುವ ಅಪಾರ್ಟ್‌ಮೆಂಟ್ ಹಿಡಿದೆವು.

ಊಟದ ಬಗ್ಗೆ ಸರಿಯಾಗಿ ತಿಳಿದುಕೊಂಡು ಹೋಗಬೇಕು. ಮಾಂಸ ಕಾಣದಿದ್ದರೆ ಸಸ್ಯಾಹಾರ ಅಂದುಕೊಳ್ಳಬೇಡಿ. ಅಲ್ಲಿನ ಸಾರಿಗೆಲ್ಲ ಮೂಲ 'ದಾಶಿ'. ಅದನ್ನು ಹೆಚ್ಚಾಗಿ ಒಣಗಿಸಿದ ಮೀನಿನಿಂದ ತೆಗೆಯುತ್ತಾರೆ. ಮಿಸೊ ಸೂಪಿನಲ್ಲಿ, ಸೋಬಾ ನೂಡಲ್ಸಿನ ಸಾರಿನಲ್ಲಿ, ಬೇಯಿಸಿದ ತರಕಾರಿಯಲ್ಲಿ ಸಹ ಅದು ಇರುತ್ತೆ. "ಮೀನು, ಮಾಂಸ, ಮೊಟ್ಟೆ ತಿನ್ನುವುದಿಲ್ಲ, ಮೀನಿನ ದಾಶಿಯೂ ಬೇಡ" ಅಂತ ತಮ್ಮ ಜಪಾನಿಯಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದ. ಅದನ್ನು ತೋರಿಸಿದರೆ ಹೋಟೆಲಿನವರು ಒಳಗೆ ಹೋಗಿ ಕೇಳಿ ಬಂದು, ಆಗದಿದ್ದರೆ ಆಗಲ್ಲ ಅಂತಲೇ ಹೇಳುತ್ತಿದ್ದರು. ನಾನ್‌ಜೆನ್‌ಜಿ ಗುಡಿಯ ಹತ್ತಿರ ಯುದೋಫು ಸಿಕ್ಕಿತು. ಕೊಂಬು ಅನ್ನುವ ಸಮುದ್ರದ ಸೊಪ್ಪಿನ ನೀರಿನಲ್ಲಿ ಬಿಸಿ ಮಾಡಿದ ತೋಫು. ಬರೀ ಸೋಯಾ ಸಾಸ್, ತುರಿದ ಶುಂಠಿ ಕೇಳಿ ಹಾಕಿಸಿಕೊಂಡೆವು. ಅಮ್ಮ ಎರಡು ಸಲ ಬಡಿಸಿಕೊಂಡರು.

ಉಳಿದಂತೆ ರಾತ್ರಿ ಅನ್ನ, ಮೊಸರು. ಅಂಗಡಿಯಲ್ಲಿ ಸಪ್ಪೆ ಮೊಸರು ಚೆನ್ನಾಗಿರೋದು ಸಿಗುತ್ತೆ. ಅದರ ಜೊತೆಗೆ ತಮ್ಮನ ಹೆಂಡತಿ ಉಮೆಬೋಶಿ ತಂದಳು, ಉಪ್ಪಿನಲ್ಲಿ ಹಾಕಿ ಒಣಗಿಸಿದ ಕೆಂಪು ಹುಳಿ ಹಣ್ಣು. ಬರೀ ಉಪ್ಪು, ಶಿಸೊ ಎಲೆ ಹಾಕಿದ್ದನ್ನೇ ಲೇಬಲ್ ಓದಿ ಆರಿಸಿದ್ದಳು. ಮೊಸರನ್ನದ ಮಧ್ಯೆ ಒಂದು ಹಣ್ಣು ಇಟ್ಟು, ಚೂರು ಚೂರೇ ಮುರಿದು ನಂಚಿಕೊಂಡು ಅಮ್ಮ, "ಮಿಡಿ ಉಪ್ಪಿನಕಾಯಿ ಥರಾನೇ ಇದೆ ಕಣೇ" ಅಂದರು. ಬರುವಾಗ ಎರಡು ಡಬ್ಬಿ ಮೈಸೂರಿಗೂ ಬಂತು.

ಫುಶಿಮಿ ಇನಾರಿ ಗುಡಿಯಲ್ಲಿ ಅಮ್ಮ ಕೆಳಗೇ ಕೂತರು, ನಾವು ಬೆಟ್ಟ ಹತ್ತುವ ಕೆಂಪು ತೋರಿ ಕಮಾನುಗಳ ಸಾಲಿನಲ್ಲಿ ಅರ್ಧ ದಾರಿ ಹೋಗಿ ಬಂದೆವು. ಕಿಯೋಮಿಜು ಗುಡಿಯ ಏರಿಗೆ ಟ್ಯಾಕ್ಸಿ ಮಾಡಿದೆವು. ಮಳೆ ಬಂದ ದಿನ ಸಾಂಜುಸಾನ್‌ಗೆಂದೋ ಗುಡಿಗೆ ಹೋದೆವು. ಮರದಿಂದ ಕಟ್ಟಿದ, ಸುಮಾರು 120 ಮೀಟರ್ ಉದ್ದದ ಒಂದೇ ಸಭಾಂಗಣ. ಒಳಗೆ ಕನ್ನೋನ್ ಅನ್ನುವ ಕರುಣೆಯ ಬೋಧಿಸತ್ವನ 1001 ಮೂರ್ತಿ, ಮುಂದೆ 28 ಕಾವಲು ದೇವತೆಗಳು. ಅವರಲ್ಲಿ ಕೊಕ್ಕು, ರೆಕ್ಕೆ ಇದ್ದು ಕೊಳಲು ಊದುತ್ತಿದ್ದವನನ್ನು ಅಮ್ಮ ಫಲಕ ಓದದೆಯೇ ಗುರುತು ಹಿಡಿದರು: ಗರುಡ. ಜಪಾನಿಯಲ್ಲಿ ಕರುರಾ ಅಂತ.

ನಾರಾ ಒಂದು ದಿನದ ಪ್ರಯಾಣ. ಮಗನಿಗೆ ಅಲ್ಲಿ ಓಡಾಡಿಕೊಂಡಿರುವ ಜಿಂಕೆಗಳೇ ಸಾಕಾದವು. ತಲೆ ಬಗ್ಗಿಸಿ ಬಿಸ್ಕತ್ತು ಕೇಳುತ್ತವೆ, ಜೇಬಿನಲ್ಲಿದ್ದ ಮ್ಯಾಪನ್ನೂ ಎಳೆದು ತಿಂದವು. ತೊದೈಜಿ ಗುಡಿಯ ದೊಡ್ಡ ಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಇದಕ್ಕೆ ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಬೋಧಿಸೇನ ಅನ್ನುವ ಭಿಕ್ಷು. ಕುಂಚಕ್ಕೆ ಉದ್ದನೆ ದಾರ ಕಟ್ಟಿ, ಅದನ್ನು ಸೇರಿದವರೆಲ್ಲ ಹಿಡಿದುಕೊಂಡಿದ್ದರಂತೆ. ಆ ಕುಂಚ, ದಾರ ಎರಡನ್ನೂ ಇವತ್ತಿಗೂ ಅಲ್ಲೇ ಶೋಸೋಯಿನ್ ಭಂಡಾರದಲ್ಲಿ ಕಾಪಾಡಿಟ್ಟಿದ್ದಾರೆ. ತಮ್ಮ ಇದನ್ನು ಹೇಳಿದಾಗ ಅಮ್ಮ ಬುದ್ಧನನ್ನು ಬಿಟ್ಟು ಅವನನ್ನೇ ನೋಡಿದರು. "ಅವರು ವಾಪಸ್ ಊರಿಗೆ ಬಂದರಾ?" ಅಂತ ಕೇಳಿದರು. ಇಲ್ಲ, ಜಪಾನಿನಲ್ಲೇ ತೀರಿಕೊಂಡರು. ತಮ್ಮ ಅದನ್ನು ಹೇಳಲಿಲ್ಲ, ಅಮ್ಮನ ಶಾಲು ಸರಿಮಾಡಿದ.

ಹೊರಡುವ ಹಿಂದಿನ ದಿನ ಎಲ್ಲಿಗೆ ಹೋಗೋಣ ಅಂತ ಅಮ್ಮನನ್ನೇ ಕೇಳಿದೆವು. ಫುಜಿ ಹತ್ತಿರದ ಕವಾಗುಚಿಕೊ ಸರೋವರಕ್ಕೆ ಹೋಗಬಹುದಿತ್ತು. ಅಮ್ಮ, "ಇವನು ದಿನಾ ಆಫೀಸಿಗೆ ಹೋಗೋ ದಾರಿ ತೋರಿಸಿ, ಸಾಕು" ಅಂದರು. ಬೆಳಗಿನ ಎಂಟು ಗಂಟೆಗೆ ಅವನು ಹೋಗುವ ತೋಜಾಯಿ ಮೆಟ್ರೊ ಲೈನಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ತಮ್ಮ ಅರ್ಧ ದಿನ ರಜೆ ಹಾಕಿದ, ಹತ್ತೂವರೆಗೆ ಹೊರಟೆವು. ನಿಶಿ ಕಸಾಯಿ ಸ್ಟೇಷನ್ನಿನಲ್ಲಿ ಲಿಫ್ಟ್‌ನಿಂದ ಮೇಲೆ ಹೋದೆವು. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಯಾವ ಬೋಗಿಯ ಯಾವ ಬಾಗಿಲು ಎಲ್ಲಿ ನಿಲ್ಲುತ್ತೆ ಅಂತ ಬರೆದಿರುತ್ತೆ. "ನೀನು ಎಲ್ಲಿ ನಿಲ್ಲೋದು?" ಅಂತ ಅಮ್ಮ ಕೇಳಿದರು. ಅವನು ಒಂದು ಗುರುತಿನ ಹತ್ತಿರ ಹೋಗಿ ನಿಂತ. ಅಮ್ಮ ಅವನ ಪಕ್ಕಕ್ಕೆ ಹೋಗಿ, ಅದೇ ಗೆರೆಯ ಹಿಂದೆ ಚಪ್ಪಲಿ ಜೋಡಿಸಿಕೊಂಡು ನಿಂತರು. ಅವನು ಇಳಿಯುವ ಒತೆಮಾಚಿ ಸ್ಟೇಷನ್‌ವರೆಗೆ ಜೊತೆಗೇ ಹೋದೆವು. ಅವನು ಕಾರ್ಡು ಮುಟ್ಟಿಸಿ ಗೇಟು ದಾಟಿ ಜನರ ಮಧ್ಯೆ ಸೇರಿಕೊಳ್ಳುವವರೆಗೂ ಅಮ್ಮ ಈಚೆ ಕಡೆ ನಿಂತು ನೋಡಿದರು.

ಈಗ ಭಾನುವಾರದ ಕಾಲ್‌ನಲ್ಲಿ ಕಿಟಕಿಯ ಮಾತು ಬರುವುದಿಲ್ಲ. "ಈ ವಾರ ಆ ಬಾಗಿಲಲ್ಲಿ ಕೂರೋಕೆ ಜಾಗ ಸಿಕ್ತಾ?" ಅಂತ ಕೇಳುತ್ತಾರೆ.