ಕಾಫಿ ಕಣದಲ್ಲಿ ನಾಲ್ಕು ಬಾಡಿಗೆ ಮನೆ: ನನ್ನ ಅನುಭವ

ಮಡಿಕೇರಿ ಪೇಟೆಯ ಅಂಚಿನ ನಮ್ಮ ಹಳೆಯ ಕಾಫಿ ಕಣದಲ್ಲಿ, ಅಂದರೆ ಕಾಫಿ ಹಣ್ಣು ಒಣಗಿಸುತ್ತಿದ್ದ ಅಂಗಳದಲ್ಲಿ, ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕಿನಿಂದ ನಾಲ್ಕು ಚಿಕ್ಕ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇನೆ. ಒಂದೂ ಖಾಲಿ ಬಿದ್ದಿಲ್ಲ. "ಮಣ್ಣಿನ ಬ್ಲಾಕು ಈ ಮಳೆಗೆ ಕರಗುತ್ತೆ, ಸುಮ್ನೆ ಹೋಂಸ್ಟೇ ಮಾಡು" ಅಂದವರೇ ಈಗ ಬಂದು ಗೋಡೆ ತಟ್ಟಿ ನೋಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2001ರಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 5.48 ಲಕ್ಷ, 2011ರಲ್ಲಿ 5.54 ಲಕ್ಷ. ಒಟ್ಟು ಲೆಕ್ಕ ಹೆಚ್ಚುಕಡಿಮೆ ಹಾಗೇ ಇದೆ, ಒಳಗಿರುವ ಜನ ಬದಲಾಗಿದ್ದಾರೆ. ನಮ್ಮ ಮಕ್ಕಳು ಬೆಂಗಳೂರು ಸೇರಿದರು. ತೋಟಕ್ಕೂ ಹೋಟೆಲಿಗೂ ಅಸ್ಸಾಮಿನವರು ಬಂದರು. 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ನರ್ಸುಗಳು, ವಾರ್ಡಿನ ಸಿಬ್ಬಂದಿ ಬಂದರು. ಇವರಿಗೆಲ್ಲ ಮನೆ ಎಲ್ಲಿದೆ? ವಾರಾಂತ್ಯದಲ್ಲಿ ಒಂದು ರಾತ್ರಿಗೆ ಎರಡೂವರೆ ಸಾವಿರ ಸಿಗುವ ಕೋಣೆಯನ್ನು ತಿಂಗಳ ಬಾಡಿಗೆಗೆ ಯಾರೂ ಕೊಡುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೋಣೆ ಖಾಲಿ ಅಲ್ವಾ? ಆ ಲೆಕ್ಕ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಣವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಪಾಲಾದ ಮೇಲೆ ತೋಟ ಚಿಕ್ಕದಾಯಿತು, ಹಣ್ಣನ್ನು ಹಸಿಯಾಗಿಯೇ ಮಾರುತ್ತೇವೆ, ಕಣ ಸುಮ್ಮನೆ ಬಿದ್ದಿತ್ತು. ಜಾಗ ಮೊದಲೇ ಮಟ್ಟ. 2018ರ ಭೂಕುಸಿತ ಕಂಡ ಮೇಲೆ ಜೆಸಿಬಿ ತಂದು ಗುಡ್ಡದ ಬರೆ ಕಡಿಯುವ ಮಾತೇ ಬೇಡ ಅಂತ ತೀರ್ಮಾನಿಸಿದ್ದೆ. ಕೃಷಿ ಜಾಗದಲ್ಲಿ ಮನೆ ಕಟ್ಟಲು ಬೇಕಾದ ಭೂಪರಿವರ್ತನೆಯ ಕಾಗದಕ್ಕೆ ವರ್ಷದ ಮೇಲೆ ಹೋಯಿತು. ಒಂದು ಬ್ಯಾಂಕಿನವರು ಮಣ್ಣಿನ ಬ್ಲಾಕು ಅಂದ ಕೂಡಲೇ ಫೈಲು ಮುಚ್ಚಿದರು. ಕರಿಮೆಣಸು ಮಾರಿದ ದುಡ್ಡಿನಲ್ಲೇ ಶುರುಮಾಡಿದೆ.

ಬ್ಲಾಕು ಒತ್ತಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಮರ್ದಿನಿ ಯಂತ್ರದಲ್ಲಿ. ಕೈಯಲ್ಲಿ ಒತ್ತುವುದು, ಕರೆಂಟು ಬೇಡ. ಏಳೆಂಟು ಜನ ಸೇರಿ ದಿನಕ್ಕೆ ನಾನೂರರ ಆಸುಪಾಸು ತೆಗೆದೆವು. ಕೊಯ್ಲು ಮುಗಿದ ಮೇಲೆ ತೋಟದ ಆಳುಗಳೇ ಸಿಗುತ್ತಾರೆ. ತೊಂದರೆ ಕೊಟ್ಟಿದ್ದು ಮಣ್ಣು. ನಮ್ಮ ಕೆಂಪು ಮಣ್ಣಿನಲ್ಲಿ ಜಿಗುಟು ಜಾಸ್ತಿ, ಮೊದಲ ಬ್ಲಾಕುಗಳೆಲ್ಲ ಒಣಗುವಾಗಲೇ ಸೀಳಿದವು. ಸಿಮೆಂಟು ಏರಿಸಿದರೆ ದುಡ್ಡು ಹೋಗುತ್ತೆ, ಸೀಳು ನಿಲ್ಲುವುದಿಲ್ಲ. ಕ್ರಷರ್ ಪುಡಿ, ಅಂದರೆ ಜಲ್ಲಿ ಒಡೆಯುವಾಗ ಉಳಿಯುವ ಕಲ್ಲುಪುಡಿ, ಬೆರೆಸಿದ ಮೇಲೆ ಸರಿಹೋಯಿತು. ಸಿಮೆಂಟು ನೂರಕ್ಕೆ ಏಳೆಂಟು ಸಾಕು. ಪುಡಿ ಎಷ್ಟು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದನ್ನು ಕಲಿಯಲು ನನ್ನ ಅರ್ಧ ಲಕ್ಷ ಹೋಗಿದೆ. ಆಮೇಲೆ ಹೂಮಳೆ, ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ. ತೋಟದವರೆಲ್ಲ ಖುಷಿಪಟ್ಟ ರಾತ್ರಿ ನನ್ನ ಹಸಿ ಬ್ಲಾಕು ಆರುನೂರರಷ್ಟು ಕಣದಲ್ಲೇ ಕೆಸರಾಯಿತು.

ಮಧ್ಯೆ ಕಾಫಿ ಸಿಪ್ಪೆ ಬೆರೆಸಿಯೂ ನೋಡಿದೆ. ಬ್ಲಾಕು ಹಗುರ, ನೋಡಲೂ ಚೆಂದ, ಆದರೆ ಜುಲೈಯಲ್ಲಿ ಬೂಷ್ಟು ಹಿಡಿಯಿತು. ಅವು ಕೋಳಿಗೂಡಿಗೆ ಹೋದವು. ರೆಡ್ ಆಕ್ಸೈಡ್ ನೆಲ ಮಾತ್ರ ಗೆದ್ದಿತು. ಅದನ್ನು ನಯವಾಗಿ ಉಜ್ಜುವ ಹಿರಿಯ ಮೇಸ್ತ್ರಿಯನ್ನು ವಿರಾಜಪೇಟೆ ಕಡೆಯಿಂದ ಕರೆಸಿದೆ.

ಗೋಡೆ ಉಳಿಯುವುದು ಗೋಡೆಯಿಂದಲ್ಲ, ಮಾಡಿನಿಂದ. ಸೈಜುಗಲ್ಲಿನ ಪಾಯ ನೆಲದಿಂದ ಎರಡಡಿ ಮೇಲೆ. ಸೂರು ಮೂರಡಿ ಹೊರಗೆ. ಮಳೆ ಹೊಡೆಯುವ ಪಶ್ಚಿಮಕ್ಕೆ ಉದ್ದಕ್ಕೂ ಜಗಲಿ. ಕೆಡವಿದ ಮನೆಗಳ ಮಂಗಳೂರು ಹೆಂಚು ಅಗ್ಗಕ್ಕೆ ಸಿಕ್ಕಿತು.

ಒಂದೊಂದು ಮನೆ 380 ಚದರ ಅಡಿ ಇರಬಹುದು. ಚದರ ಅಡಿಗೆ ಸಾವಿರದ ಇನ್ನೂರರ ಹತ್ತಿರ ಬಿತ್ತು, ಕೆಂಪುಕಲ್ಲು ಘಾಟಿ ಹತ್ತಿಸಿ ತಂದು ಕಟ್ಟಿದ್ದರೆ ಇದಕ್ಕೆ ಆಗುತ್ತಲೇ ಇರಲಿಲ್ಲ. ಬಾಡಿಗೆ ಆರು ಸಾವಿರ, ಮುಂಗಡ ಎರಡು ತಿಂಗಳದ್ದು ಮಾತ್ರ. ಹಾಕಿದ ದುಡ್ಡು ಏಳು ವರ್ಷದೊಳಗೆ ವಾಪಸ್. ಎರಡು ಮನೆಯಲ್ಲಿ ನರ್ಸುಗಳ ಸಂಸಾರ, ಒಂದರಲ್ಲಿ ಅಸ್ಸಾಮಿನ ಗಂಡಹೆಂಡತಿ, ಇನ್ನೊಂದರಲ್ಲಿ ನಿವೃತ್ತ ಮೇಷ್ಟ್ರು. ಅಸ್ಸಾಮಿನವರಿಗೆ ಕೊಡಬೇಡ ಅಂತ ನೆಂಟರೇ ತಡೆದಿದ್ದರು. ಬಾಡಿಗೆ ಮೊದಲು ಕೈಗೆ ಬರುವುದು ಆ ಮನೆಯಿಂದಲೇ.

ಜನವರಿಯಲ್ಲಿ ಇನ್ನೆರಡು ಮನೆಗೆ ಬ್ಲಾಕು ಒತ್ತಿಸುತ್ತೇನೆ. ಯಂತ್ರ ಬೇಕಾದವರು ಅದಕ್ಕೆ ಮೊದಲೇ ಕೇಳಿ. ನಿಮ್ಮ ಮಣ್ಣನ್ನು ಒಂದು ಬಕೆಟ್ ತನ್ನಿ, ಒತ್ತಿ ನೋಡೋಣ.