ಗೌಂಡಿಯ ಲೆವೆಲ್ ಪೈಪ್ ಮತ್ತು ನನ್ನ ಹಳೇ ಸ್ಪೋರ್ಟ್ಸ್ ಸೆಡಾನ್

ಬೆಳಗಾವಿಯಲ್ಲಿ ಇಂಥ ಗಾಡಿ ಇಟ್ಟುಕೊಂಡರೆ ಜನ ಕೇಳುವ ಮೊದಲ ಪ್ರಶ್ನೆ "ಎವರೇಜ್ ಎಷ್ಟ ಕೊಡ್ತೈತ್ರಿ?" ಅಂತ. ಎರಡನೆಯದು "ಕೆಟ್ಟರ ಏನ್ ಮಾಡ್ತೀರಿ?" ಮೊದಲನೆಯದಕ್ಕೆ ಉತ್ತರ ಸುಲಭ. ಊರೊಳಗೆ 8, ಹೈವೇಯಲ್ಲಿ 13. ಎರಡನೆಯದಕ್ಕೆ ಸರಿಯಾಗಿ ಉತ್ತರ ಕೊಡೋಕೆ ನನಗೆ ನಾಲ್ಕು ವರ್ಷ ಹಿಡಿಯಿತು.

ಗಾಡಿಯ ಕಂಪನಿ ಹೆಸರು ಬರೆಯಲ್ಲ, ಬರೆದರೆ ಮಾತೆಲ್ಲ ಆ ಕಡೆಗೇ ಹೋಗುತ್ತದೆ. 2014ರ ಮಾಡೆಲ್, 2 ಲೀಟರ್ ಟರ್ಬೋ ಪೆಟ್ರೋಲ್, ಹಿಂದಿನ ಚಕ್ರಕ್ಕೆ ಡ್ರೈವ್, ಝಡ್‌ಎಫ್ ಕಂಪನಿಯ 8 ಗೇರಿನ ಆಟೋಮ್ಯಾಟಿಕ್. 2021ರಲ್ಲಿ ಪುಣೆಯಿಂದ ತಂದೆ. ಎನ್‌ಒಸಿ, ಟ್ಯಾಕ್ಸು, ಕೆಎ-22 ನಂಬರು ಅಂತ ಓಡಾಡಿದ ಕಥೆ ಬೇಡ, ಅದು ಎಲ್ಲರದ್ದೂ ಒಂದೇ. ನನ್ನದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಹಾಗಾಗಿ ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇಥ್ ಶಾಪ್‌ಗಳಲ್ಲಿ ಪರಿಚಯ ಇದೆ. ಈ ಗಾಡಿಯನ್ನು ಇಷ್ಟು ದಿನ ಇಟ್ಟುಕೊಂಡಿದ್ದು ಆ ಪರಿಚಯದಿಂದಲೇ ಅನ್ನಬಹುದು.

ತಂದ ಮೊದಲ ವಾರ ಒಂದು ಕೆಲಸ ಮಾಡಿದ್ದೆ, ಆಗ ಅದರ ಬೆಲೆ ಗೊತ್ತಿರಲಿಲ್ಲ. ಗಾಡಿಯ ಕಂಪ್ಯೂಟರ್ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಹಾಕಿ, ಗಾಡಿ ಚೆನ್ನಾಗಿರುವಾಗಲೇ ಎಲ್ಲ ರೀಡಿಂಗ್ ತೆಗೆದು ಅಂಗಡಿಯ ಉದ್ರಿ ವಹಿಯ ಹಿಂದಿನ ಪುಟದಲ್ಲಿ ಬರೆದಿಟ್ಟೆ. ಕೂಲೆಂಟ್ ಎಷ್ಟು ಬಿಸಿ, ಐಡ್ಲಿಂಗ್‌ನಲ್ಲಿ ಫ್ಯೂಯಲ್ ಟ್ರಿಮ್ ಎಷ್ಟು, 2500 ಆರ್‌ಪಿಎಂನಲ್ಲಿ ಎಷ್ಟು, ಹೀಗೆ. ಫ್ಯೂಯಲ್ ಟ್ರಿಮ್ ಅಂದರೆ ಇಷ್ಟೇ: ಒಳಗೆ ಬಂದ ಗಾಳಿಗೆ ತಕ್ಕಂತೆ ಕಂಪ್ಯೂಟರ್ ಪೆಟ್ರೋಲ್ ಲೆಕ್ಕ ಹಾಕುತ್ತದೆ, ಲೆಕ್ಕ ತಪ್ಪಿದೆ ಅಂತ ಆಕ್ಸಿಜನ್ ಸೆನ್ಸರ್ ಹೇಳಿದಾಗ ಎಷ್ಟು ಶೇಕಡಾ ಹೆಚ್ಚು ಕಡಿಮೆ ಮಾಡಿಕೊಂಡಿತು ಅನ್ನುವ ಸಂಖ್ಯೆ. ನನ್ನದು ಆಗ ಐಡ್ಲಿಂಗ್‌ನಲ್ಲಿ ಪ್ಲಸ್ 3 ಇತ್ತು.

ಆಮೇಲೆ ಇ20, ಅಂದರೆ ಇಪ್ಪತ್ತು ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್ ಬಂತು. ಈ ಎಥನಾಲ್ ಕಬ್ಬಿನಿಂದಲೂ ತಯಾರಾಗುತ್ತದೆ. 2023ರಲ್ಲಿ ಕೆಲವೇ ಬಂಕ್‌ಗಳಲ್ಲಿ, 2025ರ ಹೊತ್ತಿಗೆ ಎಲ್ಲ ಕಡೆ. ಬರೀ ಪೆಟ್ರೋಲ್‌ಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಇಪ್ಪತ್ತು ಶೇಕಡಾ ಬೆರೆಸಿದರೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ, ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಜಾಸ್ತಿ ಸುರಿಯಬೇಕು. ವಹಿಯಲ್ಲಿ 3 ಇದ್ದದ್ದು 7 ಆಯಿತು. ಇದು ರೋಗ ಅಲ್ಲ, ಊಟ ಬದಲಾದದ್ದು. ಚಳಿಗಾಲದಲ್ಲಿ ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡು, ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು, ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ನಮ್ಮ ಕಬ್ಬಿನ ಟ್ರ್ಯಾಕ್ಟರ್‌ಗಳನ್ನು ಬೈಯುತ್ತಾ ಓವರ್‌ಟೇಕ್ ಮಾಡುವಾಗ, ಅದೇ ಕಬ್ಬು ನನ್ನ ಟ್ಯಾಂಕಿನಲ್ಲೂ ಇರಬಹುದಲ್ವಾ ಅಂತ ನಗು ಬರುತ್ತದೆ.

ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಹಳದಿ ದೀಪ ಬಂತು. ಚೆಕ್ ಎಂಜಿನ್. ಸ್ಕ್ಯಾನ್ ಮಾಡಿದರೆ ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಐಡ್ಲಿಂಗ್‌ನಲ್ಲಿ ಸಣ್ಣಗೆ ನಡುಕ, ಸಿಗ್ನಲ್‌ನಲ್ಲಿ ನಿಂತಾಗ ಕುಕ್ಕರ್ ಸೀಟಿ ಹಾಕೋಕೆ ಮುಂಚೆ ಮಾಡುವ ಹಾಗೆ ಒಂದು ಸುಯ್ ಶಬ್ದ. ನಾನು ಏನು ಮಾಡಿದೆ? ಎಲ್ಲರೂ ಮಾಡುವುದನ್ನೇ. ಕೋಡ್ ಅಳಿಸಿದೆ. ಅದು ದೊಡ್ಡ ತಪ್ಪು, ಯಾಕಂದರೆ ಕೋಡ್ ಬಂದ ಕ್ಷಣದ ಲೆಕ್ಕವೂ ಕಲಿತಿದ್ದ ಟ್ರಿಮ್ಮೂ ಎರಡೂ ಅದರ ಜೊತೆಗೇ ಅಳಿಸಿಹೋದವು. ಎರಡು ದಿನದಲ್ಲಿ ದೀಪ ಮತ್ತೆ ಬಂತು. ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಹೋಗಿರಬೇಕು ಅಂತ ಯಾರೋ ಹೇಳಿದರು ಅಂತ 14 ಸಾವಿರ ಕೊಟ್ಟು ಹೊಸದು ಹಾಕಿಸಿದೆ. ದೀಪ ಹಾಗೇ. ಬೇರೆ ಊರಿನ ಒಂದು ದೊಡ್ಡ ವರ್ಕ್‌ಶಾಪ್‌ಗೆ ಫೋಟೋ ಕಳಿಸಿದರೆ, ನಾಲ್ಕೂ ಇಂಜೆಕ್ಟರ್ ಮತ್ತು ಹೈ ಪ್ರೆಶರ್ ಪಂಪ್ ಬದಲಿಸಿ ಅಂತ 1 ಲಕ್ಷ 60 ಸಾವಿರದ ಎಸ್ಟಿಮೇಟ್ ಬಂತು. ಗಾಡಿ ಮುಟ್ಟಿಯೂ ನೋಡಿರಲಿಲ್ಲ.

ಆಗ ವಹಿ ತೆಗೆದೆ.

ಐಡ್ಲಿಂಗ್‌ನಲ್ಲಿ ಟ್ರಿಮ್ ಪ್ಲಸ್ 19. ಆಕ್ಸಿಲರೇಟರ್ ಒತ್ತಿ 2500ಕ್ಕೆ ಹಿಡಿದರೆ 9ಕ್ಕೆ ಇಳಿಯುತ್ತಿತ್ತು. ಇಲ್ಲೇ ಉತ್ತರ ಇತ್ತು, ನಾನು ನೋಡಿರಲಿಲ್ಲ ಅಷ್ಟೇ. ಪಂಪ್ ಅಥವಾ ಇಂಜೆಕ್ಟರ್ ಸೋತಿದ್ದರೆ ಎಂಜಿನ್ ಜಾಸ್ತಿ ಪೆಟ್ರೋಲ್ ಕೇಳಿದಾಗ, ಅಂದರೆ ಲೋಡ್ ಬಿದ್ದಾಗ, ಟ್ರಿಮ್ ಇನ್ನೂ ಏರಬೇಕು. ಇಲ್ಲಿ ಉಲ್ಟಾ. ಐಡ್ಲಿಂಗ್‌ನಲ್ಲಿ ಕೆಟ್ಟದಾಗಿದ್ದು ರೇಸ್ ಕೊಟ್ಟಾಗ ಸುಧಾರಿಸಿದರೆ ಎಲ್ಲೋ ಸಣ್ಣ ತೂತಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ. ಎಂಜಿನ್ ಕಡಿಮೆ ಗಾಳಿ ಎಳೆಯುವಾಗ ಆ ತೂತಿನ ಪಾಲು ದೊಡ್ಡದು, ಜಾಸ್ತಿ ಎಳೆಯುವಾಗ ಲೆಕ್ಕಕ್ಕೇ ಇಲ್ಲ. ಕೊಡಪಾನದಲ್ಲಿ ಒಂದು ಲೋಟ ನೀರು ಕಡಿಮೆಯಾದರೆ ಗೊತ್ತಾಗಲ್ಲ, ತಂಬಿಗೆಯಲ್ಲಿ ಆದರೆ ಗೊತ್ತಾಗುತ್ತದೆ.

ಎಂಜಿನ್ ಚಾಲೂ ಇಟ್ಟು ಆಯಿಲ್ ಕ್ಯಾಪ್ ತೆಗೆಯೋಕೆ ಹೋದೆ. ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದು ಎಳೆದಂತೆ ಕೂತಿತ್ತು. ಜೋರಾಗಿ ತಿರುಗಿಸಿ ಎತ್ತಿದಾಗ ಬುಸ್ ಅಂತ ಗಾಳಿ ಒಳಗೆ ನುಗ್ಗಿ ಎಂಜಿನ್ ತಡವರಿಸಿತು. ಎಂಜಿನ್ ಒಳಗೆ ಹುಟ್ಟುವ ಆಯಿಲ್ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ವೆಂಟ್ ಒಂದು ಇರುತ್ತದೆ. ಅದರೊಳಗೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ರಬ್ಬರ್ ಡಯಾಫ್ರಾಮ್. ಅದು ಎಳೆತವನ್ನು ಹದದಲ್ಲಿ ಇಡುತ್ತದೆ. ಹರಿದರೆ ಎಳೆತ ಪೂರ್ತಿ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್‌ನ ಕೆಳಗಿನ ಪೆಟ್ಟಿಗೆ, ಮೇಲೆ ಬೀಳುತ್ತದೆ. ಅನುಮಾನ ಬಂತು, ಆದರೆ ಸೆನ್ಸರ್ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದರಿಂದ ಈ ಸಲ ಅಳೆದೇ ನೋಡಬೇಕು ಅನ್ನಿಸಿತು. ಅಷ್ಟು ಕಡಿಮೆ ಒತ್ತಡ ಅಳೆಯುವ ಗೇಜ್ ಎಲ್ಲಿಂದ ತರಲಿ?

ಪಕ್ಕದ ಮನೆಯಲ್ಲಿ ಮಹಡಿ ಕಟ್ಟುತ್ತಿದ್ದರು. ಗೌಂಡಿ (ಗಾರೆ ಕೆಲಸದವ) ಲೆವೆಲ್ ಪೈಪ್, ಅಂದರೆ ಸಮ ನೋಡೋಕೆ ನೀರು ತುಂಬಿದ ಪಾರದರ್ಶಕ ಪೈಪ್, ಹಿಡಿದು ಗೋಡೆಗೆ ಗುರುತು ಹಾಕುತ್ತಿದ್ದ. ನೋಡುತ್ತಾ ನಿಂತಿದ್ದವನಿಗೆ ಹೊಳೆಯಿತು, ಇದೇ ಅಲ್ವಾ ಗೇಜ್! ಒಂದು ಮಿಲಿಬಾರ್ ಅಂದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ನೀರು. ಪೈಪನ್ನು ಇಂಗ್ಲಿಷ್ ಯು ಆಕಾರದಲ್ಲಿ ಗೇಟಿನ ಸರಳಿಗೆ ಕಟ್ಟಿದೆ, ಅರ್ಧಕ್ಕೆ ನೀರು ತುಂಬಿದೆ, ಕಾಣಲಿ ಅಂತ ಸ್ವಲ್ಪ ಕುಂಕುಮ ಹಾಕಿದೆ (ಹೆಂಡತಿ ಬೈದಳು, ಅದು ಬೇರೆ ವಿಷಯ). ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಸೈಕಲ್ ಟ್ಯೂಬ್ ಸುತ್ತಿ ಬಿಗಿದೆ. ನೀರು ಎಂಜಿನ್ ಒಳಗೆ ಹೋಗಬಾರದು ಅಂತ ಆ ಕಡೆಯ ಪೈಪನ್ನು ತಲೆಯ ಮೇಲೆ ಎತ್ತರಕ್ಕೆ ಒಂದು ಸುತ್ತು ಹಾಕಿದ್ದೆ. ಇದನ್ನು ಮರೆಯಬೇಡಿ.

ನನ್ನ ಎಂಜಿನ್‌ಗೆ ಎರಡು ಮಟ್ಟಗಳ ನಡುವೆ ಸುಮಾರು 40 ಸೆಂಟಿಮೀಟರ್ ವ್ಯತ್ಯಾಸ ಇರಬೇಕಿತ್ತು. ಚಾಲೂ ಮಾಡಿದ್ದೇ ತಡ, ಕೆಂಪು ನೀರು ಸರ್ ಅಂತ ಏರಿತು. ಒಂದು ಮೀಟರ್ ದಾಟಿತು. ಮಗ ಓಡಿಹೋಗಿ ಬಂದ್ ಮಾಡಿದ. ಗೌಂಡಿ ಸಿಮೆಂಟ್ ಕೈಯಲ್ಲೇ ಬಂದು ನಿಂತಿದ್ದ. "ಯಪ್ಪಾ, ಗಾಡಿಗೂ ಲೆವೆಲ್ ಹಿಡೀತಾರೇನ್ರೀ ಸಾವ್ಕಾರ್ರ?" ಅಂದ.

ಆಮೇಲೆ ಆ ಡಯಾಫ್ರಾಮ್ ಕೂತಿರುವ ವಾಲ್ವ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಮೇಲಿನ ಗಾಳಿಯಾಡುವ ಸಣ್ಣ ತೂತಿಗೆ ಬೆರಳು ಒತ್ತಿದೆ. ಸುಯ್ ಶಬ್ದ ನಿಂತಿತು. ತೆಗೆದೆ, ಬಂತು. ಹದಿನೈದು ದಿನದ ತಲೆನೋವು ಬೆರಳ ತುದಿಯಲ್ಲಿ ಇತ್ತು.

ಡಯಾಫ್ರಾಮ್ ಬಿಡಿಯಾಗಿ ಆನ್‌ಲೈನ್‌ನಲ್ಲಿ 900 ರೂಪಾಯಿಗೆ ಸಿಕ್ಕಿತು. ಹಳೆಯದನ್ನು ತೆಗೆದು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಉಗುರಿನ ಗೀರಿನಷ್ಟು ಸೀಳು. ಹೊಸದು ಹಾಕಿ ಮತ್ತೆ ಪೈಪ್ ಕಟ್ಟಿದೆ, 38 ಸೆಂಟಿಮೀಟರ್‌ನಲ್ಲಿ ನಿಂತಿತು. ಟ್ರಿಮ್ 7ಕ್ಕೆ ವಾಪಸ್. ಅಷ್ಟಕ್ಕೇ ಮುಗಿಯಲಿಲ್ಲ. ಐದು ತಿಂಗಳಾದ ಮೇಲೆ ಸುಟ್ಟ ಎಣ್ಣೆ ವಾಸನೆ ಶುರುವಾಯಿತು. ಪ್ಲಾಸ್ಟಿಕ್ ವಾಲ್ವ್ ಕವರ್ ಹತ್ತು ವರ್ಷದ ಬಿಸಿಗೆ ಸೊಟ್ಟಗಾಗಿತ್ತು. ಬಿಚ್ಚಿ ಉದ್ಯಮಬಾಗಕ್ಕೆ ಒಯ್ದೆ. ನಮ್ಮ ಟರ್ನರ್ ಕಾಕಾ ಸರ್ಫೇಸ್ ಪ್ಲೇಟ್ ಮೇಲೆ ಅದನ್ನು ಮಗುಚಿ ಇಟ್ಟು ಹಿಂದಿನ ಮೂಲೆಯಲ್ಲಿ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರು, 0.6 ಮಿಲಿಮೀಟರ್ ಎಲೆ ಆರಾಮಾಗಿ ಒಳಗೆ ಹೋಯಿತು. "ಇದನ್ನ ಗ್ಯಾಸ್ಕೆಟ್ ಹಚ್ಚಿ ಕೂಡಿಸಾಕ ಬರಂಗಿಲ್ಲ, ಬಿಡ್ರಿ" ಅಂದರು. 31 ಸಾವಿರದ ಹೊಸ ಕವರ್. ಬೋಲ್ಟ್‌ಗಳನ್ನು ನಡುವಿನಿಂದ ಹೊರಗೆ, ಟಾರ್ಕ್ ರೆಂಚ್‌ನಲ್ಲಿ 10 ನ್ಯೂಟನ್ ಮೀಟರ್‌ಗೆ ಬಿಗಿದೆ. ಮೊದಲೇ ಕವರ್ ಹಾಕಿದ್ದರೆ 900 ಉಳಿಯುತ್ತಿತ್ತು ಅಂತ ಗೆಳೆಯ ಅಂದ. 900ರ ಬಗ್ಗೆ ನನಗೆ ಬೇಜಾರಿಲ್ಲ, ಆ 14 ಸಾವಿರದ ಸೆನ್ಸರ್ ಬಗ್ಗೆ ಇದೆ.

ಕಾಕಾ ಅವರ ಹೆಸರು ಬಂತಲ್ಲ, ಬ್ರೇಕ್ ಕಥೆಯನ್ನೂ ಹೇಳಿಬಿಡುತ್ತೇನೆ. ವಂಟಮುರಿ ಘಾಟ್ ಇಳಿಯುವಾಗ 90ರಿಂದ ಬ್ರೇಕ್ ಹಿಡಿದರೆ ಸ್ಟೇರಿಂಗ್ ಗಡಗಡ ಅನ್ನುತ್ತಿತ್ತು. ಕೇಳಿದವರೆಲ್ಲ ಡಿಸ್ಕ್ ಬೆಂಡ್ ಅಂದರು. ಕಾಕಾ ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜ್ ತಂದು ಡಿಸ್ಕ್ ತಿರುಗಿಸಿದರು. 0.03 ಮಿಲಿಮೀಟರ್. ಏನೂ ಆಗಿಲ್ಲ. ಟಾರ್ಚ್ ಹಿಡಿದು ಕೆಳಗೆ ನೋಡಿದರೆ ಮುಂದಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳು) ಬುಷ್ ಸುತ್ತ ಕಪ್ಪು ಎಣ್ಣೆ ಕಲೆ. ಈ ಬುಷ್ ಬರೀ ರಬ್ಬರ್ ಅಲ್ಲ, ಒಳಗೆ ದ್ರವ ತುಂಬಿರುತ್ತದೆ, ರಬ್ಬರ್ ಸೀಳಿದರೆ ಅದು ಸೋರಿಹೋಗಿ ಆರ್ಮ್ ಹಿಂದೆ ಮುಂದೆ ಆಡತೊಡಗುತ್ತದೆ. ನಮ್ಮ ಹಂಪ್ಸ್‌ಗಳ ಮೇಲೆ ಇದು ಆಗದಿದ್ದರೇ ಆಶ್ಚರ್ಯ.

ಆರ್ಮ್ ಸಮೇತ ಜೋಡಿಗೆ 40 ಸಾವಿರ, ಬುಷ್ ಮಾತ್ರ 6,500. ಪ್ರೆಸ್‌ಗೆ ಬೇಕಾದ ಡೈ ಅನ್ನು ಕಾಕಾ ಚಹಾ ಬರುವಷ್ಟರಲ್ಲಿ ಕಬ್ಬಿಣದ ತುಂಡಿನಿಂದ ಲೇಥ್ ಮೇಲೆ ಕಡೆದುಬಿಟ್ಟರು. ಹಳೆಯದನ್ನು ತೆಗೆಯೋ ಮೊದಲೇ ಬುಷ್ ಯಾವ ಕೋನದಲ್ಲಿ ಕೂತಿದೆ ಅಂತ ಆರ್ಮ್ ಮೇಲೆ ಗೀಚಿ ಗುರುತು ಮಾಡಿಕೊಳ್ಳಬೇಕು. ಇನ್ನೊಂದು ವಿಷಯ, ಬುಷ್ ಬೋಲ್ಟನ್ನು ಗಾಡಿ ಜಾಕ್ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿಯಬೇಡಿ. ಹಾಗೆ ಬಿಗಿದರೆ ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಆರು ತಿಂಗಳಲ್ಲಿ ಮತ್ತೆ ಹರಿಯುತ್ತದೆ. ನಾವು ನಾಲ್ಕೂ ಚಕ್ರವನ್ನು ದಪ್ಪ ಹಲಗೆಗಳ ಮೇಲೆ ನಿಲ್ಲಿಸಿ, ಗಾಡಿ ತನ್ನ ಭಾರದಲ್ಲಿ ಕೂತ ಮೇಲೆ ಕೊನೆಯ ಬಿಗಿ ಕೊಟ್ಟೆವು.

ಮಾಡಿಫಿಕೇಶನ್ ಬಗ್ಗೆ ತುಂಬಾ ಜನ ಕೇಳುತ್ತಾರೆ, ಹೇಳೋಕೆ ಜಾಸ್ತಿ ಇಲ್ಲ. ಎಲ್ಲರೂ ಗಾಡಿ ತಗ್ಗಿಸುತ್ತಾರೆ, ನಾನು ಹಿಂದಿನ ಸ್ಪ್ರಿಂಗ್ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿ ಸ್ವಲ್ಪ ಎತ್ತಿಸಿದೆ. ಮನೆಮಂದಿ ಐದು ಜನ ಕೂತರೂ ಈಗ ಹೊಟ್ಟೆ ಉಜ್ಜಲ್ಲ. ರನ್‌ಫ್ಲ್ಯಾಟ್ ಟೈರ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಗಟ್ಟಿ ಟೈರ್) ತೆಗೆದು ಅದೇ ಸೈಜಿನ ಸಾದಾ ಟ್ಯೂಬ್‌ಲೆಸ್ ಹಾಕಿದೆ, ಇದೊಂದರಲ್ಲೇ ಗಾಡಿ ಬೇರೆಯದೇ ಆಯಿತು. ಟೈರಿನ ಪಕ್ಕದ ಗೋಡೆ ಮೆತ್ತಗಿರುವುದರಿಂದ ಗುಂಡಿಯ ಏಟು ಬೆನ್ನಿಗೆ ಬರುವುದಿಲ್ಲ. ಆದರೆ ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗ ಇಲ್ಲ, ಪಂಕ್ಚರ್ ಕಿಟ್ಟು ಕಂಪ್ರೆಸರ್ರು ಯಾವಾಗಲೂ ಜೊತೆಗೆ ಇರಬೇಕು. ಜಾಂಬೋಟಿ ದಾಟಿ ಕಣಕುಂಬಿ ಕಾಡಿನಲ್ಲಿ ರಾತ್ರಿ ಒಮ್ಮೆ ಅದು ಕೈ ಹಿಡಿದಿದೆ. ಜೋರು ಸದ್ದಿನ ಸೈಲೆನ್ಸರ್ ಹಾಕಿಸಲಿಲ್ಲ. ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಂದು ಕಡೆ, ಬೆಳಗಿನ ಜಾವ ನಮ್ಮ ಗಲ್ಲಿಯ ಅಜ್ಜಿಯರು ಇನ್ನೊಂದು ಕಡೆ. ಸಾಫ್ಟ್‌ವೇರ್ ಬದಲಿಸಿ 50 ಎಚ್‌ಪಿ ಜಾಸ್ತಿ ಕೊಡ್ತೀನಿ ಅಂದವರು ಬಂದಿದ್ದರು. ಆಗ ನನ್ನ ಟ್ರಿಮ್ 19 ಇತ್ತು. ಗಾಳಿ ಸೋರುವ ಎಂಜಿನ್‌ಗೆ ಇನ್ನಷ್ಟು ಬೂಸ್ಟ್ ಕೊಡ್ತೀನಿ ಅನ್ನುವವನು ಮೊದಲು ಆ ಸಂಖ್ಯೆಯನ್ನು ಕೇಳಬೇಕಿತ್ತು. ಕೇಳಲಿಲ್ಲ, ನಾನು ಮಾಡಿಸಲಿಲ್ಲ.

ಬ್ಯಾಟರಿ ಎರಡು ಸಲ ಸತ್ತದ್ದು ನನ್ನದೇ ತಪ್ಪು. ಬಾನೆಟ್ ತೆರೆದೇ ಕರೆಂಟ್ ಅಳೆಯಬೇಕು, ಆದರೆ ಬಾನೆಟ್ ತೆರೆದಿದ್ದರೆ ಗಾಡಿಯ ಕಂಪ್ಯೂಟರ್‌ಗಳು ಮಲಗುವುದಿಲ್ಲ. ಲಾಕ್‌ನ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮೋಸ ಮಾಡಿ (ಬಾನೆಟ್ ಹಾಕೋ ಮುಂಚೆ ಮತ್ತೆ ಬಿಡಿಸಿ!), ಅರ್ಧ ಗಂಟೆ ಕಾದು ನೋಡಿದರೆ 50 ಮಿಲಿ ಆಂಪಿಯರ್ ಒಳಗೆ ಇರಬೇಕಾದದ್ದು 320 ಇತ್ತು. ಒಂದೊಂದೇ ಫ್ಯೂಸಿನ ದಾರಿ ಹಿಡಿದು ಹೋದರೆ ಸಿಕ್ಕಿದ್ದು ನಾನೇ ಒಂದು ಭಾನುವಾರ ಕೂತು ಜೋಡಿಸಿದ್ದ ಡ್ಯಾಶ್‌ಕ್ಯಾಮ್.

ಮುಂದಿನ ಕೆಲಸ ಗೇರ್‌ಬಾಕ್ಸ್ ಆಯಿಲ್. ಗಾಡಿ ಕಂಪನಿಯ ಪುಸ್ತಕದಲ್ಲಿ ಜೀವನಪೂರ್ತಿ ಬದಲಿಸಬೇಕಿಲ್ಲ ಅಂತ ಇದೆ, ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವರು 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತಾರೆ. ನನ್ನದು 1 ಲಕ್ಷ 4 ಸಾವಿರ ಆಗಿದೆ. ಫಿಲ್ಟರ್ ಸೇರಿಕೊಂಡೇ ಇರುವ ಪ್ಲಾಸ್ಟಿಕ್ ಸಂಪ್ (ಆಯಿಲ್ ನಿಲ್ಲುವ ತಳದ ತಟ್ಟೆ) ತರಿಸಿ ಇಟ್ಟಿದ್ದೇನೆ. ಎಂಜಿನ್ ಚಾಲೂ ಇದ್ದು ಆಯಿಲ್ 30ರಿಂದ 50 ಡಿಗ್ರಿ ಒಳಗೆ ಇರುವಾಗಲೇ ಮಟ್ಟ ನೋಡಬೇಕು, ಗಾಡಿ ನಾಲ್ಕೂ ಕಡೆ ಸಮ ಇರಬೇಕು. ಅದಕ್ಕೆ ಡಿಸೆಂಬರ್‌ನ ಒಂದು ಮುಂಜಾನೆ ನೋಡಿಕೊಂಡಿದ್ದೇವೆ, ಕಾಕಾ ಅವರ ಶಾಪ್‌ನಲ್ಲಿ. ಸಮ ನೋಡೋಕೆ ಲೆವೆಲ್ ಪೈಪ್ ನಾನೇ ತರ್ತೀನಿ ಅಂದಿದ್ದೇನೆ. ಗೌಂಡಿಗೆ ಹೊಸದು ಕೊಡಿಸಿ ಹಳೆಯದನ್ನು ನಾನೇ ಇಟ್ಟುಕೊಂಡೆ, ಕುಂಕುಮದ ಬಣ್ಣ ಇನ್ನೂ ಹೋಗಿಲ್ಲ.